ಸ್ಟ್ಯಾಂಡ್‌ಬೈ ರೂಟರಿನ ಜಾಣ್ಮೆ
ಮಹಾಲಕ್ಷ್ಮಿ ಲೇಔಟಿನಂಥ ಕಡೆ ರಸ್ತೆ ಅಗೆದರೆಂದರೆ ಇಂಟರ್ನೆಟ್ಟಿಗೂ ಕುತ್ತು. ಎರಡು ಲೈನು, ಎರಡು ರೂಟರು ಇಟ್ಟರೆ ಸಾಲದು. ಒಂದು ಕೈಕೊಟ್ಟದ್ದು ಇನ್ನೊಂದಕ್ಕೆ ತಿಳಿಯಬೇಕಲ್ಲ? 1998ರಲ್ಲಿ ಪ್ರಕಟವಾದ ವಿಆರ್‌ಆರ್‌ಪಿ (ವರ್ಚುವಲ್ ರೂಟರ್ ರಿಡಂಡೆನ್ಸಿ ಪ್ರೋಟೋಕಾಲ್) ಎಂಬ ನಿಯಮಾವಳಿಯ ಸೊಗಸು ಅಲ್ಲಿದೆ. ಎರಡು ರೂಟರಿಗೂ ಸೇರಿ ಒಂದೇ ವರ್ಚುವಲ್ ಐಪಿ. ಕಂಪ್ಯೂಟರುಗಳಿಗೆ ಗೊತ್ತಿರುವ ಗೇಟ್‌ವೇ ಅದೊಂದೇ. ಮಾಸ್ಟರ್ ರೂಟರು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ‘ಇದ್ದೀನಿ’ ಎನ್ನುತ್ತಿರುತ್ತದೆ. ಮೂರು ಸೆಕೆಂಡು ದಾಟಿಯೂ ಸದ್ದಿಲ್ಲದಿದ್ದರೆ ಬ್ಯಾಕಪ್ಪು ಅದೇ ಐಪಿ, ಅದೇ ವರ್ಚುವಲ್ ಮ್ಯಾಕ್ ವಿಳಾಸ ಹೊತ್ತು ಮುಂದೆ ಬರುತ್ತದೆ. ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದವರು ತಲೆ ಎತ್ತುವುದೂ ಇಲ್ಲ.

ರೂಟರು ಬದುಕಿದ್ದು ಹೊರಗಿನ ಲೈನು ಮಾತ್ರ ಸತ್ತರೆ? ಲೈನಿನ ಮೇಲೆ ಕಣ್ಣಿಡುವ ಟ್ರ್ಯಾಕಿಂಗ್ ಹಾಕಿದ್ದರೆ ಅದು ಹೋದೊಡನೆ ಮಾಸ್ಟರಿನ ಪ್ರಯಾರಿಟಿ ಇಳಿಯುತ್ತದೆ, ಪಟ್ಟ ಇನ್ನೊಂದಕ್ಕೆ. ಇಷ್ಟೆಲ್ಲ ಮಾಡಿ ಎರಡು ಕೇಬಲ್ಲನ್ನೂ ಒಂದೇ ಕಂಬದ ಮೇಲೆ ಎಳೆಸಿ, ಎರಡು ರೂಟರನ್ನೂ ಒಂದೇ ಯುಪಿಎಸ್ಸಿಗೆ ಸಿಕ್ಕಿಸುವವರಿಗೆ ಏನು ಹೇಳೋಣ!