ಉತ್ತರಪತ್ರಿಕೆಯಲ್ಲಿ ಮುಗಿಯದ ಸುಟ್ಟಗಾಯ

ಬರ್ನ್ಸ್ ವಾರ್ಡೇ ಬೇಕೆಂದು ಕೇಳಿ ಹೋಗುವ ನರ್ಸಿಂಗ್ ವಿದ್ಯಾರ್ಥಿಗಳು ವಿರಳ. ಐಸಿಯು ಎಂದರೆ ಮುಂದೆ ವಿದೇಶದ ದಾರಿ ಕಾಣುತ್ತದೆ. ಸುಟ್ಟವರ ವಾರ್ಡು ಎಂದರೆ ಮನೆಯವರೇ 'ಬೇರೆ ಯಾವ್ದೂ ಸಿಗ್ಲಿಲ್ವಾ?' ಎನ್ನುತ್ತಾರೆ. ಹಾಗಿದ್ದೂ ಅಲ್ಲಿಗೇ ಹೊರಟ ಹುಡುಗಿಗೆ ನಮ್ಮ ಬಿ.ಎಸ್‌ಸಿ. ನರ್ಸಿಂಗ್ ಏನು ಕಲಿಸಿ ಕಳಿಸುತ್ತದೆ? ಲೆಕ್ಕ ಕಲಿಸುತ್ತದೆ. ಅದನ್ನೂ ಪೂರ್ತಿ ಕಲಿಸುವುದಿಲ್ಲ ಎಂಬುದು ನನ್ನ ತಕರಾರು.

ಸುಟ್ಟವರಿಗೆ ಎಷ್ಟು ಡ್ರಿಪ್ ಬೇಕೆಂದು ಲೆಕ್ಕ ಹಾಕಲು ಎಲ್ಲರೂ ಉರು ಹೊಡೆಯುವ ಪಾರ್ಕ್‌ಲ್ಯಾಂಡ್ ಸೂತ್ರವನ್ನೇ ನೋಡಿ. ರೋಗಿಯ ತೂಕ, ಸುಟ್ಟ ಶೇಕಡಾವಾರು, ನಾಲ್ಕು ಮಿ.ಲೀ. ಇವನ್ನು ಗುಣಿಸಬೇಕು. 60 ಕಿಲೋ ತೂಕದ ಹೆಂಗಸಿಗೆ ಶೇ. 30 ಸುಟ್ಟಿದ್ದರೆ 24 ಗಂಟೆಗೆ 7,200 ಮಿ.ಲೀ. ರಿಂಗರ್ ಲ್ಯಾಕ್ಟೇಟ್, ಅರ್ಧ ಮೊದಲ ಎಂಟು ಗಂಟೆಯಲ್ಲಿ. ಉತ್ತರಪತ್ರಿಕೆಯಲ್ಲಿ ಇಷ್ಟಕ್ಕೆ ಅಂಕ ಬಂತು. ಆದರೆ ಆ ಎಂಟು ಗಂಟೆ ಶುರುವಾಗುವುದು ಡ್ರಿಪ್ ಹಾಕಿದಾಗಲ್ಲ, ಬೆಂಕಿ ತಗುಲಿದಾಗ. ಪಾವಗಡದಲ್ಲಿ ಬೆಳಿಗ್ಗೆ ಆರಕ್ಕೆ ಸುಟ್ಟವಳು ಒಂಬತ್ತಕ್ಕೆ ಬೆಂಗಳೂರು ಮುಟ್ಟಿದಳು, ದಾರಿಯಲ್ಲಿ ಯಾರೂ ಡ್ರಿಪ್ ಹಾಕಿರಲಿಲ್ಲ ಎಂದಿಟ್ಟುಕೊಳ್ಳಿ. 3,600 ಮಿ.ಲೀ. ಐದೇ ಗಂಟೆಯಲ್ಲಿ ಹೋಗಬೇಕು, ಅಂದರೆ ಗಂಟೆಗೆ 720. ಅದೂ ಬರೀ ಆರಂಭದ ಅಂದಾಜು. ಆಮೇಲೆ ಗಂಟೆಗಂಟೆಗೂ ಮೂತ್ರದ ಚೀಲ ನೋಡಿ, 30 ಮಿ.ಲೀ.ಗಿಂತ ಕಡಿಮೆ ಬಂದರೆ ಡಾಕ್ಟರಿಗೆ ಹೇಳುವವಳು ಸಿಸ್ಟರ್. ಸೂತ್ರಕ್ಕಿಂತ ಆ ಚೀಲ ನಂಬಿಕಸ್ಥ.

ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳು ನೂರಾರು. ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರದಂಥ ಜಾಗಗಳು ಬೆರಳೆಣಿಕೆಯಷ್ಟು. ಹಾಗಾಗಿ ಪೋಸ್ಟಿಂಗ್ ಎಂದರೆ ಅನೇಕರಿಗೆ ಒಂದು ಸುತ್ತು ನೋಡಿ ಬರುವುದು, ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಳ್ಳುವುದು. ಕೇರ್ ಪ್ಲ್ಯಾನು ಸೀನಿಯರ್ ಫೈಲಿನಿಂದ ಇಳಿದು ಬರುತ್ತದೆ. ಅದರಲ್ಲಿ ಎಲ್ಲ ರೋಗಿಗಳಿಗೂ ಒಂದೇ ನೋವು.

ಸುತ್ತು ಹೊಡೆದವರಿಗೆ ದಿಂಬಿನ ವಿಷಯ ತಿಳಿಯುವುದಿಲ್ಲ. ಕುತ್ತಿಗೆ ಸುಟ್ಟವಳು ದಿಂಬು ಕೇಳುತ್ತಾಳೆ. ತಲೆ ಮುಂದಕ್ಕೆ ಬಾಗಿದರೆ ಆಕೆಗೆ ಹಿತ. ಹಾಗೇ ಬಿಟ್ಟರೆ ಗಾಯ ಮಾಯುತ್ತ ಚರ್ಮ ಬಿಗಿದು, ಗದ್ದ ಎದೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ದಿಂಬು ತೆಗೆದು, ಬೆನ್ನಿನಡಿ ಬಟ್ಟೆಯ ಸುರುಳಿ ಇಟ್ಟು, ಕುತ್ತಿಗೆ ಹಿಂದಕ್ಕೆ ಚಾಚುವಂತೆ ಮಲಗಿಸಬೇಕು. 'ಅಮ್ಮಾ, ಕೊಡಮ್ಮಾ' ಎಂದು ಅಂಗಲಾಚಿದರೂ ಕೊಡಬಾರದು. ಕರುಣೆಯಿಂದ ಈ ವಾರ್ಡಿಗೆ ಬಂದ ಹುಡುಗಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ, ಮತ್ತು ಇದನ್ನು ಯಾವ ಪ್ರಾಕ್ಟಿಕಲ್ಲಿನಲ್ಲೂ ಗಂಭೀರವಾಗಿ ಪರೀಕ್ಷಿಸಿದ್ದನ್ನು ನಾನು ಕೇಳಿಲ್ಲ. ಡ್ರೆಸಿಂಗಿನದೂ ಅದೇ ಕಥೆ. ನೋವಿನ ಮಾತ್ರೆ ಕೊಟ್ಟ ತಕ್ಷಣ ಟ್ರಾಲಿ ತಳ್ಳಿಕೊಂಡು ಹೋದರೆ ಮಾತ್ರೆ ಕೊಟ್ಟದ್ದೇ ದಂಡ. ಅದು ಹತ್ತುವ ತನಕ ಕಾಯಬೇಕು. ಅಂಟಿದ ಗಾಜ್ ಅನ್ನು ಸಲೈನಿನಲ್ಲಿ ನೆನೆಸಿ ಬಿಡಿಸಬೇಕು, ಕಿತ್ತರೆ ಹೊಸದಾಗಿ ಬೆಳೆದ ಚರ್ಮವೂ ಜೊತೆಗೆ ಬರುತ್ತದೆ. ಪುಸ್ತಕದಲ್ಲಿ ಎರಡೂ ಇವೆ. ತುಂಬಿದ ವಾರ್ಡಿನಲ್ಲಿ ಕಾಯುವ ವ್ಯವಧಾನ ಯಾರಿಗಿದೆ ಎಂಬುದಷ್ಟೇ ಪುಸ್ತಕದಲ್ಲಿಲ್ಲ.

ಪಠ್ಯದ ದೊಡ್ಡ ಲೋಪ ಬೇರೆಯೇ ಇದೆ. 'ಸ್ಟವ್ ಸಿಡೀತು' ಎಂಬ ಮಾತು ನಮ್ಮ ಬರ್ನ್ಸ್ ವಾರ್ಡುಗಳಿಗೆ ಹಳೆಯದು. ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾದಲ್ಲಿ ಸುಟ್ಟ ಹೆಂಗಸರ ಹಾಸಿಗೆಯ ಪಕ್ಕ ಕೂತು, ಆ ಮಾತಿನ ಹಿಂದಿನದನ್ನು ಕೇಳಿಸಿಕೊಂಡವರು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಹೀಗೆ ಸತ್ತರೆ, ಅದಕ್ಕೆ ಮುಂಚೆ ವರದಕ್ಷಿಣೆಯ ಕಿರುಕುಳವಿದ್ದರೆ, ಕಾನೂನು ಅದನ್ನು ವರದಕ್ಷಿಣೆ ಸಾವು ಎನ್ನುತ್ತದೆ. ಸಾಯುವ ಮುನ್ನ ಆಡಿದ ಮಾತು ಸಾಕ್ಷ್ಯವಾಗುತ್ತದೆ. ಹಗಲು ಗಂಡನ ಎದುರು ಸ್ಟವ್ ಎಂದವಳು ರಾತ್ರಿ ಪಾಳಿಯ ಸಿಸ್ಟರ್ ಹತ್ತಿರ ಬೇರೆ ಹೇಳಬಹುದು. ಆಗ ಸಂಬಂಧಿಕರನ್ನು ಹೊರಗೆ ಕಳಿಸುವುದೇ, ಡಾಕ್ಟರಿಗೆ ಏನೆಂದು ತಿಳಿಸುವುದು, ಕೇಸ್ ಶೀಟಿನಲ್ಲಿ ಆಕೆಯ ಮಾತನ್ನೇ ಬರೆಯುವುದೋ ಸಾರಾಂಶವೋ? ಮೆಡಿಕೋ-ಲೀಗಲ್ ಕೇಸ್ ಎಂಬ ಶೀರ್ಷಿಕೆಯಡಿ ನಾಲ್ಕು ಸಾಲು ಓದಿದವಳಿಗೆ ಇದು ಹೊಳೆಯುವುದಿಲ್ಲ.

ಇದೆಲ್ಲ ಗೊತ್ತಿರುವವರು ವಾರ್ಡಿನಲ್ಲೇ ಇದ್ದಾರೆ: ವರ್ಷಗಟ್ಟಲೆ ಅಲ್ಲೇ ದುಡಿದ ಹಿರಿಯ ಸಿಸ್ಟರ್‌ಗಳು. ಕಾಲೇಜು ಅವರನ್ನು ಹೆಚ್ಚೆಂದರೆ ಸಹಿಗೆ ಹುಡುಕುತ್ತದೆ. ಅವರಿಗೆ ಕಲಿಸುವ ಸಮಯ, ಅದಕ್ಕೆ ಸಂಬಳ, ವಿದ್ಯಾರ್ಥಿಗೆ ಅಂಕ ಕೊಡುವ ಹಕ್ಕು ಕೊಟ್ಟು, ಒಂದು ರಾತ್ರಿ ಪಾಳಿಯನ್ನಾದರೂ ಅವರ ಜೊತೆ ಕಡ್ಡಾಯ ಮಾಡಲಿ. ಅದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.