ಜುಂ ಎನ್ನುವ ನಲ್ಲಿ

"ನಲ್ಲಿ ಮುಟ್ಟಿದ್ರೆ ಸ್ವಲ್ಪ ಜುಂ ಅಂತದೆ, ಚಪ್ಪಲಿ ಹಾಕ್ಕೊಂಡೇ ಸ್ನಾನ ಮಾಡು ಮಾರಾಯ." ತೀರ್ಥಹಳ್ಳಿ ಕಡೆಯ ಮನೆಯಲ್ಲಿ ದೊಡ್ಡಮ್ಮ ಟವೆಲ್ ಕೊಡುತ್ತ ಹೇಳಿದ ಮಾತು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯಾಗುವಷ್ಟೇ ಸಹಜ ಸಂಗತಿ ಅದು ಅವರಿಗೆ. ನಾನು ಮೇನ್ ಆಫ್ ಮಾಡಿಸಿ ತಣ್ಣೀರಲ್ಲೇ ಮಿಂದೆ.

ಹಂಡೆ ಒಲೆಯ ಬಚ್ಚಲಿನಲ್ಲಿ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಬೆಂಕಿ ಉರಿಯುತ್ತಿತ್ತು, ನೀರು ಕುದಿಯುತ್ತಿತ್ತು, ಮಕ್ಕಳು ತಾವಾಗಿಯೇ ದೂರ ನಿಲ್ಲುತ್ತಿದ್ದರು. ಅದೇ ಒದ್ದೆ ಗೋಡೆಯ ಮೇಲೆ ಈಗ ಗೀಸರ್ ಕೂತಿದೆ, ಮೂಲೆಯಲ್ಲಿ ವಾಷಿಂಗ್ ಮೆಷಿನ್ ನಿಂತಿದೆ. ಅವಕ್ಕೆ ಲೈನ್ ಎಳೆದ ಮೇಲೆ ನಾವು ಮಾಡುವ ಪರೀಕ್ಷೆ ಒಂದೇ: ಪ್ಲಗ್ ಪಾಯಿಂಟಿಗೆ ಟೆಸ್ಟರ್ ಇಟ್ಟು ಕರೆಂಟ್ ಬಂತೇ ಎಂದು ನೋಡುವುದು. ಬರಬಾರದ ಕಡೆ ಬಂದಾಗ ಅದು ನಿಲ್ಲುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ನಮ್ಮ ವೈರಿಂಗ್ ರೂಢಿಯ ದೊಡ್ಡ ದೋಷ ಇದೇ ಎಂದು ನನ್ನ ತಿಳಿವಳಿಕೆ.

"ಎಂಸಿಬಿ ಇದೆಯಲ್ಲ" ಎಂಬ ಸಮಾಧಾನ ಎಲ್ಲೆಡೆ ಸಿಗುತ್ತದೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನಲ್ಲಿ ದೇಹದೊಳಗೆ ಹರಿಯುವುದು ಕಾಲು ಆಂಪಿಯರಿಗಿಂತಲೂ ಕಡಿಮೆ. ಗೀಸರಿನ 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎದೆಬಡಿತ ನಿಲ್ಲಿಸಲು ಅದರಲ್ಲಿ ಒಂದಂಶ ಸಾಕು. ಅಮೆರಿಕದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಹಿಡಿದ ತಂತಿಯಿಂದ ಕೈ ಬಿಡಿಸಿಕೊಳ್ಳುವ ಮಿತಿಯನ್ನು ಅಳೆದರು: ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. 1961ರಲ್ಲಿ ಅವರು ರೂಪಿಸಿದ ಸಾಧನ ಐದು ಮಿಲಿಆಂಪಿಯರ್ ಆಸುಪಾಸಿನ ಸೋರಿಕೆಗೇ ಕರೆಂಟ್ ಕಡಿಯುತ್ತಿತ್ತು. 1975ರಿಂದ ಅಲ್ಲಿನ ವೈರಿಂಗ್ ಸಂಹಿತೆ ಮನೆಗಳ ಬಾತ್‌ರೂಮಿಗೆ ಅಂಥ ರಕ್ಷಣೆಯನ್ನು ಕಡ್ಡಾಯ ಮಾಡಿತು.

ನಮ್ಮಲ್ಲಿ ಆ ಕೆಲಸಕ್ಕೆ ಆರ್‌ಸಿಸಿಬಿ ಇದೆ. ಫೇಸಿನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳದಿದ್ದರೆ ಎಲ್ಲೋ ಸೋರುತ್ತಿದೆ ಎಂದು ತಿಳಿದು ಕ್ಷಣದಲ್ಲಿ ಕಡಿಯುತ್ತದೆ. ಹೊಸ ಮನೆಗಳ ಡಿಬಿ ಬಾಕ್ಸ್ ತೆರೆದರೆ ಅದು ಕಾಣುತ್ತದೆ, ಅಷ್ಟಕ್ಕೆ ನೆಮ್ಮದಿ ಬೇಡ. ಅದರ ಮೇಲಿನ ಅಂಕಿ ಓದಬೇಕು. ಜೀವ ಕಾಯುವುದು 30 ಮಿಲಿಆಂಪಿಯರಿನದು. ಬೇಗ ಬೀಳುವುದಿಲ್ಲವೆಂಬ ಕಾರಣಕ್ಕೆ 100ರದ್ದನ್ನು ಹಾಕಿ ಹೋಗುವವರಿದ್ದಾರೆ. ಇನ್ನೂ ಕೆಟ್ಟದ್ದು ಬೈಪಾಸ್ ಮಾಡುವ ಚಾಳಿ. ಜಡಿಮಳೆಯಲ್ಲಿ ಗೋಡೆ ನೆಂದಾಗ ಆರ್‌ಸಿಸಿಬಿ ಬೀಳುತ್ತದೆ. ಯುಪಿಎಸ್‌ನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ಲಿಗೆ ತಪ್ಪಾಗಿ ಸೇರಿಸಿದ್ದರೂ ಬೀಳುತ್ತದೆ. ಮನೆಯವರು ರೇಗುತ್ತಾರೆ, ಎಲೆಕ್ಟ್ರಿಷಿಯನ್ ಎರಡು ತಂತಿ ನೇರ ಸೇರಿಸಿ ಹೋಗುತ್ತಾನೆ, ಎಲ್ಲರೂ ಥ್ಯಾಂಕ್ಸ್ ಹೇಳುತ್ತಾರೆ. ತಪ್ಪನ್ನು ತೋರಿಸಿದ್ದಕ್ಕೆ ಕಾವಲುಗಾರನನ್ನೇ ಮನೆಯಿಂದ ಹೊರಗಟ್ಟಿದಂತೆ ಇದು. ಇದರಲ್ಲಿ ಎಲೆಕ್ಟ್ರಿಷಿಯನ್ನಿಗಿಂತ ನಮ್ಮ ತಪ್ಪೇ ಹೆಚ್ಚು. ಸೋರಿಕೆ ಹುಡುಕಲು ಬೇಕಾದ ಅರ್ಧ ದಿನದ ಕೂಲಿ ಕೊಡಲು ನಾವು ಒಪ್ಪುವುದಿಲ್ಲ.

ಅರ್ಥಿಂಗ್ ಕಥೆಯೂ ಹೀಗೇ. ತ್ರೀ ಪಿನ್ ಪ್ಲಗ್ಗಿನ ಮೇಲಿನ ಕಡ್ಡಿ ಉದ್ದ ಇರುವುದೇ ಅರ್ಥ್ ಮೊದಲು ಸೇರಲಿ, ಕೊನೆಗೆ ಬಿಡಲಿ ಎಂದು. ಅದು ಬೋರ್ಡಿನಲ್ಲಿ ಸೇರುವ ಹಸಿರು ತಂತಿ ಎಷ್ಟೋ ಮನೆಗಳಲ್ಲಿ ಅರ್ಥ್ ಗುಂಡಿಯತನಕ ಹೋಗುವುದೇ ಇಲ್ಲ. ಅದನ್ನು ಪ್ಲಗ್ ಪಾಯಿಂಟಿನೊಳಗೇ ನ್ಯೂಟ್ರಲ್ಲಿಗೆ ಕಟ್ಟುವುದಂತೂ ಕ್ಷಮಿಸಲಾಗದ ಕೆಲಸ. ನ್ಯೂಟ್ರಲ್ ಕಡಿದ ದಿನ ವಾಷಿಂಗ್ ಮೆಷಿನ್ನಿನ ಇಡೀ ಮೈಗೆ ಕರೆಂಟ್ ಬರುತ್ತದೆ.

ಒಳ್ಳೆಯ ರೂಢಿಗಳಿಲ್ಲ ಎಂದಲ್ಲ. ಗೀಸರ್ ಸ್ವಿಚ್ಚನ್ನು ಬಚ್ಚಲಿನ ಬಾಗಿಲ ಹೊರಗೆ ಇಡಿಸಿದ ಹಳೆಯ ಮೇಸ್ತ್ರಿಗಳ ಬುದ್ಧಿ ಮೆಚ್ಚಬೇಕಾದ್ದು. ಬಕೆಟಿಗೆ ಇಳಿಬಿಡುವ ಕಾಯಿಲ್ ಬಗ್ಗೆ ಮಾತ್ರ ನನ್ನದು ಒಂದೇ ಮಾತು: ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲಲ್ಲದೆ ಆ ನೀರಿಗೆ ಬೆರಳು ತಾಗಿಸಬಾರದು.

ದೊಡ್ಡಮ್ಮನ ಮನೆಗೆ ಮುಂದಿನ ಸಲ ಹೋದಾಗ ಪೇಟೆಯಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಗೀಸರಿನ ಹಸಿರು ತಂತಿ ಬಾಕ್ಸಿನೊಳಗೆ ಟೇಪು ಸುತ್ತಿಕೊಂಡು ಮಡಚಿ ಕೂತಿತ್ತು. ಅದನ್ನು ಅರ್ಥ್ ಗುಂಡಿಗೆ ಸೇರಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದ. ಗೀಸರ್ ಹಾಕಿದ ಕೂಡಲೇ ಅದು ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. "ಇದು ನಿಲ್ಲಲ್ಲ ಸಾರ್, ತೆಗೆದುಬಿಡ್ಲಾ?" ಎಂದ. ಬೇಡ, ಗೀಸರ್ ಬಿಚ್ಚು ಎಂದೆ. ಒಳಗಿನ ಎಲಿಮೆಂಟ್ ಉದ್ದಕ್ಕೂ ಸೀಳು ಬಿಟ್ಟಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದ ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊಮ್ಮಕ್ಕಳೂ ಇದರಲ್ಲೇ ಮಿಂದಿದ್ದಲ್ಲನಾ" ಎಂದರು.