ಕೇರಿಯಿಲ್ಲದ ಊರು

ದಲಿತ ಸಾಹಿತ್ಯದ ಬಗ್ಗೆ ಬರೆಯುವಾಗ ನಮ್ಮ ವಿಮರ್ಶಕರಲ್ಲಿ ಬಹಳಷ್ಟು ಮಂದಿ ಮೊದಲೇ ಒಂದು ಪಾಲುಪಟ್ಟಿ ಬರೆದಿಟ್ಟುಕೊಂಡಿರುತ್ತಾರೆ. ಸಿಟ್ಟು, ಹಸಿವು, ಅವಮಾನ ದಲಿತರ ಪಾಲಿಗೆ. ಅನುಭಾವ, ಆಧ್ಯಾತ್ಮ ಉಳಿದವರ ಪಾಲಿಗೆ. ನಮ್ಮ ಗೆಳೆಯರಲ್ಲೂ ಅನೇಕರು ಈ ಪಾಲನ್ನು ಒಪ್ಪಿಕೊಂಡು, 'ಆಧ್ಯಾತ್ಮ ಅಂದ್ರೆ ಪುರೋಹಿತರ ಬಲೆ, ನಮಗ್ಯಾಕೆ' ಅಂತ ಸುಮ್ಮನಾಗುತ್ತಾರೆ. ಬಲೆ ಇರುವುದು ನಿಜ. ಆದರೆ ಬಲೆ ಹಾಕಿದವನಿಗೇ ಕೆರೆಯನ್ನೂ ಬರೆದುಕೊಟ್ಟುಬಿಡಬೇಕೆ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನಿಟ್ಟುಕೊಂಡು ನಾನು ಸಂತ ರವಿದಾಸರ ಬೇಗಂಪುರದ ಪದವನ್ನು ಓದುತ್ತೇನೆ. ಕಾಶಿಯ ಈ ಚಮ್ಮಾರ ಕವಿಯ ಪದ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿದೆ. ಇಲ್ಲಿ ಬೇಗಂ ಅಂದರೆ ರಾಣಿಯಲ್ಲ. ಗಮ್ ಅಂದರೆ ದುಃಖ. ಬೇಗಂಪುರ ಅಂದರೆ ದುಃಖವಿಲ್ಲದ ಊರು. ಆ ಊರಲ್ಲಿ ಏನಿದೆ? ಪುರಾಣದ ಸ್ವರ್ಗದ ಹಾಗೆ ಕಲ್ಪವೃಕ್ಷವಿಲ್ಲ, ಅಪ್ಸರೆಯರಿಲ್ಲ. ತೆರಿಗೆಯ ಚಿಂತೆಯಿಲ್ಲ, ಭಯವಿಲ್ಲ, ಎರಡನೆಯ ಮೂರನೆಯ ದರ್ಜೆಯವರು ಎಂಬುದಿಲ್ಲ, ಮನಸ್ಸು ಬಂದ ಕಡೆ ಅಡ್ಡಾಡುವವರನ್ನು ತಡೆಯುವವರಿಲ್ಲ. ಕಂದಾಯ ವಸೂಲಿಯ ಪಾರಸಿ ಪದಗಳೇ ಭಕ್ತಿಯ ಹಾಡಿನೊಳಗೆ ಬಂದು ಕೂತಿವೆ.

ಸಂಪ್ರದಾಯದ ವ್ಯಾಖ್ಯಾನಗಳು ಈ ಊರನ್ನು ಆತ್ಮದ ಒಳನೆಲೆ ಎಂದು ವಿವರಿಸುತ್ತವೆ. ಬರೀ ಒಳನೆಲೆಯಾದರೆ ತೆರಿಗೆಯ ಮಾತು ಯಾಕೆ ಬಂತು? ಪ್ರಗತಿಪರರು ಇದನ್ನು ಬರೀ ನಾಳಿನ ಸಮಾಜದ ನಕ್ಷೆ ಅಂತ ಓದಿದರೆ ಅದೂ ಅರ್ಧ ಓದೇ. ಸತ್ತ ದನ ಸಾಗಿಸುವ ಕುಲ ತನ್ನದೆಂದು ಬೇರೊಂದು ಪದದಲ್ಲಿ ಹೇಳಿಕೊಂಡ ರವಿದಾಸರು, ಇಲ್ಲಿ ಆ ಊರಿನ ಪ್ರಜೆಯಾಗಿ ಮಾತಾಡುತ್ತಾರೆ. ಮುಂದೆಂದೋ ಅಲ್ಲ, ಈಗಲೇ. ಆ ಊರಿನವರೇ ತನ್ನ ಗೆಳೆಯರು ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ರವಿದಾಸರು ಕೇರಿಯಲ್ಲಿದ್ದುಕೊಂಡೇ ಕೇರಿಯಿಲ್ಲದ ಊರಿನ ಒಕ್ಕಲಾದರು. ಲೋಕವನ್ನು ಬಿಟ್ಟು ಮೇಲೇರುವುದು ಒಂದು ಆಧ್ಯಾತ್ಮ. ಬರಬೇಕಾದ ಲೋಕವನ್ನು ಇಲ್ಲೇ ಬದುಕಿ, ಇರುವ ಲೋಕವನ್ನು ಮೀರುವುದು ಇನ್ನೊಂದು. ನಮ್ಮ ಪರಂಪರೆ ಈ ಎರಡನೆಯದು.

ಆದರೆ ಹಾಡು ಹಾಡಾಗಿಯೇ ಉಳಿದರೆ ಭಜನೆಯಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಅಪ್ಪಂದಿರಿಬ್ಬರೂ ಜೀವ ತೆತ್ತರು ಎಂಬುದು ಶರಣ ಪರಂಪರೆ ಕಾಪಿಟ್ಟುಕೊಂಡು ಬಂದ ನೆನಪು. ಸಮಾನತೆ ಮಾತಿನಲ್ಲಿದ್ದಷ್ಟು ದಿನ ಸಹಿಸಿದವರು ಅದು ಬೀಗತನಕ್ಕೆ ಬಂದಾಗ ಸಹಿಸಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದಲ್ಲಿ ಈ ದಾರಿ ಹಿಡಿದವರು ಬಾಬಾಸಾಹೇಬರು. ಮಹಾಡಿನ ಪುರಸಭೆ ಚವದಾರ್ ಕೆರೆಯನ್ನು 1924ರಲ್ಲೇ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅವರು ಜನರೊಂದಿಗೆ ಹೋಗಿ ನೀರು ಕುಡಿದದ್ದು ಬಾಯಾರಿಕೆಗಲ್ಲ. ಆ ಒಂದು ಗುಟುಕಿನ ಹೊತ್ತು ಅವರೆಲ್ಲ ಬೇಗಂಪುರದಲ್ಲಿದ್ದರು. ಅಂದೇ ಹಲ್ಲೆಯಾಯಿತು, ಆಮೇಲೆ ಕೆರೆಗೆ 'ಶುದ್ಧಿ'ಯಾಯಿತು. ಹೈಕೋರ್ಟಿನ ತೀರ್ಪು ಬರುವ ಹೊತ್ತಿಗೆ 1937 ಆಗಿತ್ತು. ಅದೇ 1927ರ ಡಿಸೆಂಬರಿನಲ್ಲಿ, ಮನುಸ್ಮೃತಿ ಸುಟ್ಟ ಸಮಾವೇಶದಲ್ಲಿ, ಅಸ್ಪೃಶ್ಯತೆಯ ಗುರುತಾಗಿದ್ದ ಸೀರೆ ಉಡುವ ರೀತಿಯನ್ನು ಬಿಡಿ ಎಂದು ಅವರು ಹೆಣ್ಣುಮಕ್ಕಳಿಗೆ ಹೇಳಿದರು. ನೀರು, ಸೀರೆ ಇವನ್ನು 'ಸಾಮಾಜಿಕ' ಅಂತ ಒಂದು ಕಡೆಗಿಟ್ಟು, ಬಿಡುಗಡೆಯನ್ನು 'ಆಧ್ಯಾತ್ಮಿಕ' ಅಂತ ಇನ್ನೊಂದು ಕಡೆಗಿಡುವವರಿಗೆ ಮಹಾಡ್ ಅರ್ಥವಾಗುವುದಿಲ್ಲ.

ಅಸ್ಪೃಶ್ಯರನ್ನು ಕುರಿತ 1948ರ ತಮ್ಮ ಪುಸ್ತಕವನ್ನು ಅಂಬೇಡ್ಕರ್ ನಂದನಾರ್, ರವಿದಾಸ, ಚೋಖಾಮೇಳರ ನೆನಪಿಗೆ ಅರ್ಪಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಅವುಗಳಲ್ಲಿ ಹೊಸ ಹುಟ್ಟಿನ ಮಾತಿದೆ. ಮನುಷ್ಯರೆಲ್ಲ ಸಮಾನರೆಂದು ನಂಬಿ ಹಾಗೆ ನಡೆಯುವ ಮಾತೂ ಇದೆ. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ ಬುದ್ಧನ ಕುರಿತ ಗ್ರಂಥದಲ್ಲಿ, ಒಂಟಿಯಾಗಿರುವವನಿಗೆ ಧಮ್ಮದ ಅಗತ್ಯವಿಲ್ಲ, ಇಬ್ಬರಿರುವಲ್ಲಿ ಧಮ್ಮ ಬೇಕೇ ಬೇಕು ಎಂಬ ವಿಚಾರವಿದೆ. ಗುಹೆಯಲ್ಲಿ ಒಬ್ಬನೇ ಕೂತು ಪಡೆಯುವ ಮುಕ್ತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಂಡಿಲ್ಲ.

ಇದು ವಿಮರ್ಶೆಗೊಂದು ಅಳತೆಗೋಲನ್ನೂ ಕೊಡುತ್ತದೆ. ಒಂದು ದಲಿತ ಕೃತಿಯಲ್ಲಿ ಎಷ್ಟು ಸಿಟ್ಟಿದೆ ಅಂತ ತೂಗುವುದನ್ನು ಬಿಟ್ಟು, ಅದರ ಜನ ಯಾವ ಊರಿನ ಒಕ್ಕಲಾಗಿ ಬದುಕುತ್ತಿದ್ದಾರೆ ಅಂತ ಕೇಳೋಣ. ಸಂಘಟನೆಗಳಿಗೂ ಇದೇ ಪ್ರಶ್ನೆ. ಎಡಗೈಯವರು ಬಲಗೈಯವರು ಹೆಣ್ಣು ಕೊಟ್ಟು ತರುತ್ತಿದ್ದೇವೆಯೆ? ಸಭೆ ಮುಗಿದ ಮೇಲೆ ಟೀ ಲೋಟ ತೊಳೆಯೋರು ಯಾರು? ಕ್ರಾಂತಿಯಾದ ಮೇಲೆ ನೋಡೋಣ ಅನ್ನುವುದಕ್ಕೂ, ಮುಂದಿನ ಜನ್ಮದಲ್ಲಿ ನೋಡೋಣ ಅನ್ನುವುದಕ್ಕೂ ಬಹಳ ದೂರವೇನಿಲ್ಲ.